ಮಾಳದ ಅಂಚಿಗೆ ನೆಟ್ಟ ಬೇವು

ನಗರ ರಚನೆಯ ಕಚೇರಿಗೆ ಹೊಸದಾಗಿ ಸೇರಿದವರು ಆಗೀಗ ನನ್ನ ಮನೆಗೆ ಬರುತ್ತಾರೆ. ಬಂದವರೆಲ್ಲ ಕೇಳುವುದು ಒಂದೇ: "ಬಾಯಾರ, ಈ ನೌಕರ್ಯಾಗ ತಪ್ಪು ಆಗಬಾರದಂದ್ರ ಏನ್ ಮಾಡಬೇಕ್ರಿ?" ನಾನು ಚಹಾ ಕೊಟ್ಟು ಮಾತು ಮರೆಸುತ್ತೇನೆ. ಯಾಕೆಂದರೆ ಉತ್ತರ ನನಗೂ ಗೊತ್ತಿಲ್ಲ. ಈಗ ಬರೆಯಲು ಕೂತಾಗಲೂ ಗೊತ್ತಿಲ್ಲ. ಬಡ್ತಿ ಯಾವಾಗ ಸಿಕ್ಕಿತು, ಬೀಳ್ಕೊಡುಗೆಯಲ್ಲಿ ಯಾರು ಶಾಲು ಹೊದಿಸಿದರು ಎಂಬುದನ್ನು ಬಿಟ್ಟುಬಿಡುತ್ತೇನೆ. ಅದನ್ನು ಕೇಳುವ ಉಮೇದು ನಮ್ಮ ಮನೆಯವರಿಗೇ ಇಲ್ಲ.

ಕೆಲಸ ಏನೆಂದರೆ, ಯಾರಾದರೂ ತಮ್ಮ ಜಮೀನಿನಲ್ಲಿ ಪ್ಲಾಟು ಹಾಕಿ ಮನೆ ಕಟ್ಟುತ್ತೇವೆ ಎಂದು ಅರ್ಜಿ ಕೊಟ್ಟರೆ, ನಕಾಶೆ ನೋಡುವುದು, ಜಾಗಕ್ಕೆ ಹೋಗಿ ಬರುವುದು, ಕಟ್ಟಬಹುದೋ ಬಾರದೋ ಎಂದು ಟಿಪ್ಪಣಿ ಬರೆಯುವುದು. ತೀರ್ಮಾನ ಮೇಲಿನವರದು. ಆದರೆ ಮೇಲಿನವರನ್ನು ಕೇಳಿದರೆ "ಟಿಪ್ಪಣಿ ಪ್ರಕಾರ ಮಾಡಿದ್ದೇವೆ" ಎನ್ನುತ್ತಿದ್ದರು, ನನ್ನನ್ನು ಕೇಳಿದರೆ ನಾನು "ಆದೇಶದ ಪ್ರಕಾರ" ಎನ್ನುತ್ತಿದ್ದೆ. ಹೀಗಾಗಿ ತೀರ್ಮಾನ ಮಾಡಿದವರು ಯಾರು ಎಂಬುದು ನಾನು ನಿವೃತ್ತಳಾಗುವವರೆಗೂ ತಿಳಿಯಲಿಲ್ಲ.

ನಮ್ಮದು ಸೊಲ್ಲಾಪುರದಲ್ಲೇ ಬೇರು ಬಿಟ್ಟ ಕಾರಕೂನರ ಮನೆತನ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ. ಟಿಪ್ಪಣಿಯನ್ನೆಲ್ಲ ಮರಾಠಿಯಲ್ಲಿ ಬರೆದೆ, ಚಿಂತೆಯನ್ನೆಲ್ಲ ಕನ್ನಡದಲ್ಲಿ ಮಾಡಿದೆ. ಮೊದಲ ನೇಮಕ ಅಕ್ಕಲಕೋಟಕ್ಕಾಯಿತು. ಅಲ್ಲಿನ ಸಾಹೇಬರು ಜೋಶಿ ಎಂಬವರು, ಅಚ್ಚುಕಟ್ಟಾದ ಮನುಷ್ಯ, ಪೆನ್ನಿಗೆ ದಿನವೂ ಶಾಯಿ ತುಂಬಿಕೊಂಡು ಬರುತ್ತಿದ್ದರು. ಮೊದಲ ವಾರವೇ ನನ್ನನ್ನು ಕೂರಿಸಿಕೊಂಡು ಹೇಳಿದರು:

"ಕಮಲಾಬಾಯಿ, ಟಿಪ್ಪಣಿ ಹೆಂಗಿರಬೇಕಂದ್ರ, ನಾಳೆ ಯಾರ್ ಬಂದು ಓದಿದ್ರೂ ಅವರಿಗೆ ಬೇಕಾದ್ದು ಅದರಾಗ ಸಿಗಬೇಕು. ಹಾವೂ ಸಾಯಬಾರದು, ಕೋಲೂ ಮುರೀಬಾರದು."

ಅಡ್ಡಗೋಡೆಯ ಮೇಲೆ ದೀಪ ಇಡುವ ಈ ವಿದ್ಯೆ ನನಗೆ ಬೇಗ ಹತ್ತಿತು. ನನ್ನ ಟಿಪ್ಪಣಿಗಳನ್ನು ಕೆಲವು ದಿನ ಬಿಟ್ಟು ನಾನೇ ಓದಿದರೆ, ಇವಳು ಬೇಕೆನ್ನುತ್ತಾಳೋ ಬೇಡವೆನ್ನುತ್ತಾಳೋ ಎಂದು ನನಗೇ ಗೊತ್ತಾಗುತ್ತಿರಲಿಲ್ಲ.

ಆಗಲೇ ಒಂದು ಪ್ರಸಂಗ ನಡೆಯಿತು. ಕರಜಗಿಯ ಕಡೆಗೆ ಒಂದು ಮಾಳವನ್ನು ಅಳೆದು ಬರಲು ನನ್ನನ್ನೂ ಒಬ್ಬ ಭೂಮಾಪಕರನ್ನೂ ಕಳಿಸಿದರು. ಎಸ್‌ಟಿ ಬಸ್ಸಿನಿಂದ ಇಳಿದು ನೋಡಿದರೆ ಎಲ್ಲ ಕಡೆಯೂ ಒಂದೇ ಥರದ ಹುಲ್ಲು, ಒಂದೇ ಥರದ ಕಲ್ಲು. ಕುರಿ ಕಾಯುತ್ತಿದ್ದ ಒಬ್ಬ ಹಿರಿಯರನ್ನು ಕೇಳಿದೆವು. ಅವರು ತಲೆಯಾಡಿಸಿ "ಹೌದ್ರಿ, ಇದಽ" ಎಂದರು. ಬಿಸಿಲಲ್ಲಿ ಸರಪಳಿ ಎಳೆದು ಅಳತೆ ಮುಗಿಸಿದ ಮೇಲೆ, ಅದು ಪಕ್ಕದ ಊರಿನ ಮಾಳ ಎಂದು ಗೊತ್ತಾಯಿತು. ಸಿಟ್ಟಿನಿಂದ ಹಿರಿಯರ ಹತ್ತಿರ ಹೋದೆ.

"ಇದಽ ಅಂತ ಯಾಕ್ ಹೇಳಿದ್ರಿ ಕಾಕಾ?"

"ನೀವು ಇದಽ ಏನ್ರಿ ಅಂತ ಕೇಳಿದ್ರಿ, ನಾ ಹೌದಂದೆ. ಸರಕಾರದ ಮಂದಿಗೆ ಅಲ್ಲಾ ಅನ್ನಾಕ ಬರ್ತದೇನವ್ವ?"

ಜೋಶಿ ಸಾಹೇಬರು ಬೈಯಲಿಲ್ಲ. "ಎಲ್ಲಾ ಮಾಳಾನೂ ಒಂದಽ ಥರಾ ಇರ್ತಾವ. ಪಡಾ ಬಿದ್ದ ಜಮೀನು. ನಾಳೆ ಬರೋಬರ ಜಾಗಾಕ್ಕ ಹೋಗಿ ಬರ್ರಿ" ಎಂದರು. ನಮ್ಮ ದಫ್ತರಗಳಲ್ಲಿ ಬೆಳೆ ಇಲ್ಲದ, ಮರ ಇಲ್ಲದ ನೆಲಕ್ಕೆಲ್ಲ ಆ ಒಂದೇ ಹೆಸರು: ಪಡ. ಹುಲ್ಲಿಗೆ, ಹುಲ್ಲಿನೊಳಗೆ ಬದುಕುವುದಕ್ಕೆ ಅಲ್ಲಿ ಕಾಲಂ ಇರಲಿಲ್ಲ. ನಾನೂ ಬಹಳ ವರ್ಷ ಹಾಗೆಯೇ ನಂಬಿದ್ದೆ.

ಇನ್ನೊಂದು ಪದ್ಧತಿಯ ಬಗ್ಗೆ ಹೇಳಲೇಬೇಕು. ಸ್ಥಳ ಪರಿಶೀಲನೆಗೆ ಕಚೇರಿಯ ಜೀಪು ಬರುವುದು ಸಹಿ, ಚಹಾ ಎಲ್ಲ ಮುಗಿದ ಮೇಲೆ. ನಾವು ಮಾಳ ಮುಟ್ಟುವಷ್ಟರಲ್ಲಿ ಸೂರ್ಯ ನೆತ್ತಿಯ ಮೇಲೆ. ಸೊಲ್ಲಾಪುರದ ಬಿಸಿಲು ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ, ಆ ಹೊತ್ತಿನಲ್ಲಿ ಹೊರಗೆ ನಿಂತಿರುವ ಪ್ರಾಣಿ ಸರಕಾರಿ ನೌಕರ ಮಾತ್ರ. ಚಿಗರಿ, ತೋಳ, ಹಕ್ಕಿ ಎಲ್ಲ ಎಲ್ಲೋ ನೆರಳು ಹಿಡಿದು ಕೂತಿರುತ್ತಿದ್ದವು. ನಾವು ಸುತ್ತ ಕಣ್ಣು ಹಾಯಿಸಿ "ಪರಿಶೀಲನೆಯ ವೇಳೆ ಯಾವ ವನ್ಯಜೀವಿಯೂ ಕಂಡುಬರಲಿಲ್ಲ" ಎಂದು ಬರೆದು ಜೀಪು ಹತ್ತುತ್ತಿದ್ದೆವು. ಬರೆದದ್ದು ಸುಳ್ಳಲ್ಲ. ಅದು ನಿಜವೇ ಎಂದು ಕೇಳಿದರೆ ಮಾತ್ರ ಇವತ್ತಿಗೂ ನನಗೆ ಗೊಂದಲ.

ಸೊಲ್ಲಾಪುರಕ್ಕೆ ವರ್ಗವಾದ ಮೇಲೆ ಸಾಧನಗಳು ಬದಲಾದವು. ಮೊದಲು ಬಟ್ಟೆಯ ಮೇಲೆ ಶಾಯಿಯಲ್ಲಿ ತೆಗೆದ ನಕಾಶೆ, ಮೂಗಿಗೆ ಅಡರುವ ಅಮೋನಿಯಾ ವಾಸನೆಯ ನೀಲಿ ಪ್ರತಿಗಳು. ಗಡಿ ಎಲ್ಲಿ ಎಂದು ಕೇಳಿದರೆ ಸಾಹೇಬರು ಹೆಬ್ಬೆರಳು ಇಡುತ್ತಿದ್ದರು, ಆ ಹೆಬ್ಬೆರಳಿನ ಕೆಳಗೆ ಇಡೀ ಒಂದು ಬಡಾವಣೆ ಮುಚ್ಚಿಹೋಗುತ್ತಿತ್ತು. ಆಮೇಲೆ ಕಂಪ್ಯೂಟರ್ ಬಂತು, ಉಪಗ್ರಹದ ಚಿತ್ರ ಬಂತು. ಇನ್ನು ಗೊಂದಲ ಮುಗಿಯಿತು ಎಂದು ಖುಷಿಪಟ್ಟೆ. ಗಡಿಗೆರೆ ಕೂದಲಿನಷ್ಟು ತೆಳ್ಳಗಾಯಿತು, ನಿಜ. ಆದರೆ ನಮ್ಮದೊಂದು ಗೆರೆ, ಕಂದಾಯದವರದೊಂದು, ಅರಣ್ಯದವರದೊಂದು. ಮೂರೂ ಒಂದರ ಮೇಲೊಂದು ಕೂರಲಿಲ್ಲ.

ಆ ಮೂರು ಗೆರೆಗಳ ನಡುವೆ ಸಿಕ್ಕಿಕೊಂಡವರು ಸಿದ್ದಪ್ಪ, ನಾಗವ್ವ ಎಂಬ ಗಂಡ ಹೆಂಡತಿ.

ಸಿದ್ದಪ್ಪ ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ವಸಾಹತಿನಲ್ಲಿ ಜಾಬರ್, ಅಂದರೆ ಪವರ್‌ಲೂಮ್ ಕೆಟ್ಟರೆ ರಿಪೇರಿ ಮಾಡುವವನು. ಟವೆಲ್ ನೇಯುವ ಮಗ್ಗಗಳ ಹಿಂದಿನ ಒಂದೇ ಖೋಲಿಯಲ್ಲಿ ಇವರ ಸಂಸಾರ. ಹಗಲೂ ರಾತ್ರಿ ಖಟಾಖಟ್ ಸಪ್ಪಳ, ಅನ್ನದ ಮೇಲೂ ಹತ್ತಿಯ ತುಪ್ಪಳ. ನಾಗವ್ವನಿಗೆ ಕೆಮ್ಮು ಹಿಡಿದು ಎದೆ ಗೊರಗುಟ್ಟುತ್ತಿತ್ತು. ಈ ಧೂಳು ಬಿಟ್ಟು ಹೋಗದಿದ್ದರೆ ಔಷಧಿಯಿಂದ ಉಪಯೋಗವಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಅಂಥವೇ ಕುಟುಂಬಗಳು ಸೇರಿ ಒಂದು ಗೃಹನಿರ್ಮಾಣ ಸಂಘ ಮಾಡಿಕೊಂಡು ಊರಾಚೆ ಮಾಳದಲ್ಲಿ ಜಾಗ ಕೊಂಡಿದ್ದರು. ಸಂಘಕ್ಕೆ ಸಿದ್ದಪ್ಪನೇ ಅಧ್ಯಕ್ಷ.

ಜಾಗದ ಮಗ್ಗುಲಿಗೇ ಮಾಳಢೋಕ ಎಂಬ ಅಳಿವಿನ ಅಂಚಿನ ದೊಡ್ಡ ಹಕ್ಕಿಯ ಸಂರಕ್ಷಿತ ಹುಲ್ಲುಗಾವಲು. ಅದರ ಸುತ್ತ ಒಂದು ಸೂಕ್ಷ್ಮ ವಲಯವಿದೆ, ಅದರೊಳಗೆ ಮನೆ ಕಟ್ಟಬೇಕಾದರೆ ಅರಣ್ಯದವರ ಒಪ್ಪಿಗೆ ಬೇಕು. ಕಂದಾಯದ ಗೆರೆಯ ಪ್ರಕಾರ ಸಂಘದ ಜಾಗ ವಲಯದ ಹೊರಗೆ. ಅರಣ್ಯದ ಗೆರೆಯ ಪ್ರಕಾರ ಒಳಗೆ. ನಮ್ಮ ಗೆರೆ ಸರಿಯಾಗಿ ಸಿದ್ದಪ್ಪನ ಪ್ಲಾಟಿನ ನಡುವೆ ಹಾದುಹೋಗಿತ್ತು. ನಮ್ಮ ನಕಾಶೆಯಲ್ಲಿ ಅವನ ಅಡುಗೆಮನೆ ಒಳಗೆ, ಪಡಸಾಲೆ ಹೊರಗೆ.

ಆಗ ನಮ್ಮ ಸಾಹೇಬರು ಕುಲಕರ್ಣಿ. ಒಳ್ಳೆಯ ಮನಸ್ಸಿನವರು, ಕಡತ ತಡವಾದರೆ ನಿದ್ದೆ ಬಾರದವರು. ಸಭೆಯ ಮೇಲೆ ಸಭೆಯಾಗಿ, ಷರತ್ತು ಹಾಕಿ ಮಂಜೂರಿ ಕೊಡುವುದೆಂದು ಅವರು ದಾರಿ ಕಂಡುಹಿಡಿದರು. ಷರತ್ತನ್ನು ಸ್ವತಃ ಬರೆಸಿದರು: ಹುಲ್ಲುಗಾವಲಿನ ಕಡೆಯ ಗಡಿಯುದ್ದಕ್ಕೂ ದಟ್ಟವಾಗಿ ಮರಗಳನ್ನು ಬೆಳೆಸತಕ್ಕದ್ದು.

"ಸಾಹೇಬ್ರ, ಮಾಳದಾಗ ಗಿಡಾ ಯಾಕ್ರಿ?" ಎಂದು ನಾನು ಕೇಳಿದ್ದು ನೆನಪಿದೆ. ವಿರೋಧಿಸಲು ಕೇಳಿದ್ದಲ್ಲ, ನಿಜಕ್ಕೂ ತಿಳಿಯದೆ ಕೇಳಿದ್ದು.

"ಕಾಡುಪ್ರಾಣಿ ಅಂದಮ್ಯಾಲ ಕಾಡು ಬೇಕಲ್ರೀ ಕಮಲಾಬಾಯಿ. ಗಿಡಾ ಹಚ್ಚೂದಕ್ಕ ಬ್ಯಾಡ ಅಂದವ್ರನ್ನ ನೀವು ಎಲ್ಲ್ಯಾರೆ ನೋಡೀರೇನು?"

ನೋಡಿರಲಿಲ್ಲ. ಆಗಿನ ಅರಣ್ಯಾಧಿಕಾರಿಯೂ ಒಪ್ಪಿ ಸಹಿ ಹಾಕಿದರು. ಎಲ್ಲರಿಗೂ ಸಮಾಧಾನವಾಯಿತು.

ಸಂಘದವರು ಆ ಷರತ್ತನ್ನು ಪಾಲಿಸಿದ ಹಾಗೆ ಯಾವ ಬಿಲ್ಡರೂ ಪಾಲಿಸಿದ್ದನ್ನು ನಾನು ಕಂಡಿಲ್ಲ. ಮನೆಯ ಪಾಯ ಎದ್ದೇಳುವ ಮೊದಲೇ ಬೇವಿನ ಸಾಲು ಎದ್ದಿತು. ಬೇವಿನ ಗಾಳಿ ಎದೆಗೆ ಒಳ್ಳೆಯದೆಂದು ಹೆಂಗಸರೇ ಬೇವನ್ನು ಆರಿಸಿದ್ದರಂತೆ. ರಜೆಯ ದಿನ ನಾಗವ್ವ ಕೊಡ ಹೊತ್ತು ಬಂದು ನೀರು ಹಾಕುತ್ತಿದ್ದಳು, ಒಂದು ಕೊಡ ಸುರಿದು ಕೂತು ಕೆಮ್ಮುತ್ತಿದ್ದಳು, ಎದ್ದು ಮತ್ತೊಂದು ತರುತ್ತಿದ್ದಳು. ಮೂಲೆಯ ಬೇವು ಅವಳದು. "ಇದರ ನೆರಳಾಗ ಹಾಸಿಗಿ ಹಾಕ್ಕೊಂಡು ಒಂದ್ ದಿನಾ ಸಂಜಿತನಾ ಮಲಗ್ತೀನಿ ನೋಡ್ರಿ ಬಾಯಾರ" ಎನ್ನುತ್ತಿದ್ದಳು. ಮನೆಗಳು ಮುಗಿಯುವ ಹೊತ್ತಿಗೆ ಬೇವು ಆಳೆತ್ತರ ಮೀರಿ ಬೆಳೆದಿತ್ತು. ಇನ್ನು ಉಳಿದದ್ದು ವಾಸಕ್ಕೆ ಪರವಾನಗಿ ಮಾತ್ರ. ಅದಿಲ್ಲದೆ ನೀರಿನ ನಳ ಇಲ್ಲ, ಕರೆಂಟಿಲ್ಲ.

ಅಷ್ಟರಲ್ಲಿ ಅರಣ್ಯ ಕಚೇರಿಗೆ ಹೊಸ ಅಧಿಕಾರಿ ಬಂದರು, ಸಂಗಮೇಶ ಎಂದು, ಕರಜಗಿ ಕಡೆಯವರು. ಜಾಗ ನೋಡಿ ಬಂದು ನಮ್ಮ ಕಚೇರಿಯಲ್ಲಿ ಕೂತು ಹೇಳಿದರು: "ಆ ಬೇವಿನ ಗಿಡಾ ಎಲ್ಲಾ ತಗೀಬೇಕ್ರಿ. ಅಲ್ಲೀತನಾ ನಾ ಒಪ್ಪಿಗಿ ಕೊಡಾಕ ಬರಂಗಿಲ್ಲ."

ಕುಲಕರ್ಣಿ ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. "ಅಂದ್ರ ಅರಣ್ಯ ಖಾತೇದವ್ರು ಗಿಡಾ ಕೀಳ್ರಿ ಅಂತೀರಿ, ನಗರ ರಚನೇದವ್ರು ನಾವು ಹಚ್ಚ್ರಿ ಅಂತೀವಿ?"

"ಹೌದ್ರಿ, ಹಂಗಽ ಆಗ್ಯಾದ. ಈ ಹಕ್ಕಿ ಗಿಡದ ಮ್ಯಾಲ ಕೂಡೂದಽ ಇಲ್ರಿ. ನೆಲದ ಮ್ಯಾಲ ಇರ್ತದ, ಬಯಲಾಗಽ ತತ್ತಿ ಇಡ್ತದ. ನಾಲ್ಕೂ ದಿಕ್ಕು ದೂರತನಾ ಕಾಣಬೇಕು. ಗಿಡಾ ಬಂದ್ರ ಕಾಗಿ ಬರ್ತಾವ, ಹದ್ದು ಬರ್ತಾವ, ತತ್ತಿ ಉಳಿಯಂಗಿಲ್ಲ."

"ಮತ್ತ ನಿಮ್ಮ ಹಿಂದಿನವ್ರು ಸಹಿ ಮಾಡ್ಯಾರಲ್ಲ?"

"ಮಾಡ್ಯಾರ. ಯಾಕ್ ಮಾಡಿದ್ರೋ ನನಗೂ ತಿಳೀವಲ್ದು."

ಮರ ನೆಟ್ಟರೆ ಪುಣ್ಯ ಎಂದು ಹೇಳಿಕೊಡುತ್ತಾ ಬಂದ ನೆಲದಲ್ಲಿ ಮರವೇ ತಪ್ಪೆಂದರೆ ಏನು ಮಾಡುವುದು? ಸಂಗಮೇಶ ಹೇಳಿದ್ದು ನನಗೆ ಸರಿ ಅನಿಸಿತು. ಪರವಾನಗಿ ಕೇಳಲು ಬಂದು ಬಾಗಿಲಲ್ಲಿ ನಿಂತಿದ್ದ ಸಿದ್ದಪ್ಪನ ಮುಖ ನೋಡಿದಾಗ ಅವನ ಸಿಟ್ಟೂ ಸರಿ ಅನಿಸಿತು.

ಸಿದ್ದಪ್ಪ ನೇರ ಒಳಗೇ ಬಂದ. ಮಗ್ಗದ ಸಪ್ಪಳದಲ್ಲಿ ಮಾತಾಡಿ ರೂಢಿಯಾದ ದೊಡ್ಡ ದನಿ. "ದೇವ್ರು ವರಾ ಕೊಟ್ರೂ ಪೂಜಾರಿ ಕೊಡವಲ್ಲ ಅನ್ನೂವಂಗಾತಲ್ರೀ! ಹಚ್ಚಂದ್ರಿ, ಹಚ್ಚಿದ್ವಿ. ಕೀಳಂತೀರಿ. ನಾಳೆ ಇನ್ನೊಬ್ರು ಬಂದು ಮತ್ತ ಹಚ್ಚಂದ್ರ? ನನ್ನ ಹೇಣತಿ ಈ ಮಳಿಗಾಲಾನೂ ಆ ತುಪ್ಪಳದಾಗಽ ಕಳದ್ರ ಆಕಿ ಉಳಿಯಂಗಿಲ್ರಿ. ನಿಮ್ಮೊಳಗ ನೀವು ಮೊದಲ ಒಂದ್ ಮಾತಾಗ್ರಿ."

ಸಂಗಮೇಶ ಎದ್ದು "ಎಲ್ಲಾರೂ ಒಮ್ಮೆ ನಸುಕಿನ್ಯಾಗ ಅಲ್ಲಿಗೆ ಬರ್ರಿ. ಕಚೇರಿ ಟೈಮಿಗಲ್ಲ" ಎಂದರು.

ಹೋದೆವು. ಕುಲಕರ್ಣಿ ಸಾಹೇಬರು ಕಿವಿಗೆ ಮಫ್ಲರ್ ಸುತ್ತಿಕೊಂಡು ಬಂದರು. ಸಂಘದ ಹೆಂಗಸರೂ ಬಂದಿದ್ದರು. ಬೆಳಕು ಹರಿದಂತೆ ನಾನು ಕಣ್ಣುಜ್ಜಿಕೊಂಡು ನೋಡಿದೆ. ಯಾವ ಬಯಲಿನಲ್ಲಿ ಏನೂ ಇಲ್ಲವೆಂದು ನಾವು ಬರೆದುಕೊಂಡು ಬಂದಿದ್ದೆವೋ ಅಲ್ಲಿ ಚಿಗರಿಗಳ ಹಿಂಡು ಮೇಯುತ್ತಿತ್ತು. ಕಪ್ಪು ಗಂಡು ಚಿಗರಿಯೊಂದು ತಲೆಯೆತ್ತಿ ನಮ್ಮನ್ನು ನೋಡಿತು, ಮತ್ತೆ ಮೇಯಲು ತೊಡಗಿತು. ನನಗೆ ಸಂತೋಷವಾಯಿತು, ಅದಕ್ಕಿಂತ ಹೆಚ್ಚು ನಾಚಿಕೆಯಾಯಿತು.

ಬೇವಿನ ಸಾಲಿನ ಮೇಲೆ ಕಾಗೆಗಳು ಬಂದು ಕೂತವು. ಒಂದು ಕಾಗೆ ಮೂಲೆಯ ಬೇವಿನಿಂದ, ನಾಗವ್ವನ ಬೇವಿನಿಂದಲೇ, ಕೆಳಗೆ ಹಾರಿತು. ಹುಲ್ಲಿನಲ್ಲಿ ನೆಲದ ಮೇಲೇ ತತ್ತಿ ಇಟ್ಟಿದ್ದ ಟಿಟವಿ ಹಕ್ಕಿಗಳೆರಡು ಕಿರುಚುತ್ತಾ ಮೇಲೆದ್ದವು. ಕಾಗೆ ತತ್ತಿ ಕಚ್ಚಿಕೊಂಡು ಹೋಯಿತು. ಟಿಟವಿಗಳು ಬಹಳ ಹೊತ್ತು ಒದರುತ್ತಲೇ ಇದ್ದವು.

"ಕಾಗಿ ಎಲ್ಲಿರಂಗಿಲ್ರಿ?" ಎಂದರು ಕುಲಕರ್ಣಿ ಸಾಹೇಬರು. ಆ ಮಾತೂ ಸುಳ್ಳಲ್ಲ.

"ಇರ್ತಾವ್ರಿ. ಆದ್ರ ಇಲ್ಲೆ ಮೊದಲು ಅವಕ್ಕ ಕೂಡಾಕ ಜಾಗಾ ಇರಲಿಲ್ಲ" ಎಂದರು ಸಂಗಮೇಶ.

ನಾಗವ್ವ ಇಷ್ಟು ಹೊತ್ತು ಸೆರಗು ಬಾಯಿಗೆ ಹಿಡಿದು ನಿಂತಿದ್ದಳು. ಕೆಮ್ಮು ತಡೆದುಕೊಂಡು ಕೇಳಿದಳು: "ಸಾಹೇಬ್ರ, ನಾವು ಗಿಡಾ ಕಿತ್ರ ನಿಮ್ಮ ಆ ದೊಡ್ಡ ಹಕ್ಕಿ ಬರ್ತದೇನ್ರಿ?"

ಸಂಗಮೇಶ ಬರುತ್ತದೆ ಎಂದಿದ್ದರೆ ಕೆಲಸ ಅಲ್ಲಿಗೇ ಮುಗಿಯುತ್ತಿತ್ತು. ಅವರು ಹೇಳಿದ್ದು ಬೇರೆ: "ಗೊತ್ತಿಲ್ಲವ್ವ. ಉಳದಾವೋ ಇಲ್ಲೋ ಅಂಬೂವಷ್ಟಽ ಉಳದಾವ. ಗಿಡಾ ಇದ್ರ ಬರಂಗಿಲ್ಲ, ಇದು ಖಾತ್ರಿ. ಇಲ್ಲದಿದ್ರ ಬರಬಹುದು, ಬರದಽನೂ ಇರಬಹುದು."

ನನ್ನ ನೌಕರಿಯುದ್ದಕ್ಕೂ ಒಬ್ಬ ಅಧಿಕಾರಿಯ ಬಾಯಲ್ಲಿ ಜನರ ಎದುರು "ಗೊತ್ತಿಲ್ಲ" ಎಂಬ ಮಾತನ್ನು ನಾನು ಕೇಳಿದ್ದು ಅದೊಂದೇ ಸಲ. ಇಂಥವರಿಂದ ಕೆಲಸ ಕೆಡುತ್ತದೆ ಎಂದು ಕುಲಕರ್ಣಿ ಸಾಹೇಬರು ನನ್ನ ಕಿವಿಯಲ್ಲಿ ಗೊಣಗಿದರು.

ಸಂಘದಲ್ಲಿ ದೊಡ್ಡ ಜಗಳವೇ ಆಯಿತಂತೆ. ಗಂಡಸರು ಕೋರ್ಟಿಗೆ ಹೋಗೋಣ ಎಂದರು, ಹೆಂಗಸರು ಬೇಡ ಎಂದರು. ನಾಗವ್ವ ಹೇಳಿದಳಂತೆ: "ಕೋರ್ಟು ಮುಗಿಯೂತನಾ ನನ್ನ ಎದಿ ತಡೀತದೇನು? ಆ ಟಿಟವಿ ಒದರೂದೂ ನಾ ಕೇಳೀನಿ. ಮೊದಲ ನನ್ನ ಗಿಡಾ ತಗೀರಿ." ಮಳೆ ಬಿದ್ದು ನೆಲ ಮೆತ್ತಗಾದ ಮೇಲೆ ಬೇವುಗಳನ್ನು ಬೇರು ಸಮೇತ ಅಗೆದು, ಟೆಂಪೋದಲ್ಲಿ ಹೇರಿ, ಎಂಐಡಿಸಿಯ ಮಗ್ಗಗಳ ಮುಂದಿನ ಓಣಿಯಲ್ಲಿ ನೆಟ್ಟರು. ಕೆಲವು ಹತ್ತಿದವು. ನಾಗವ್ವನ ಬೇವಿನ ತಾಯಿಬೇರು ಅಗೆಯುವಾಗಲೇ ತುಂಡಾಗಿತ್ತು. ಅದು ಒಣಗಿಹೋಯಿತು.

ಸಂಗಮೇಶ ಒಪ್ಪಿಗೆ ಕೊಟ್ಟರು. ಆದರೆ ಆಟ ಮುಗಿದಿರಲಿಲ್ಲ. ಪರವಾನಗಿ ಈಗ ಕಂಪ್ಯೂಟರಿನಿಂದ ಹೊರಡಬೇಕು. ಅದರಲ್ಲಿ ನೆಟ್ಟ ಮರಗಳೆಷ್ಟು ಎಂಬ ಒಂದು ಕಾಲಂ ಇತ್ತು. ಸೊನ್ನೆ ಒತ್ತಿದರೆ ಕೆಂಪು ಅಕ್ಷರ ಬಂದು ಕಡತ ವಾಪಸ್ಸು. ಎಷ್ಟು ಸಲ ಒತ್ತಿದರೂ ಅದೇ. ಮುಂಬಯಿಗೆ ಫೋನ್ ಮಾಡಿದರೆ "ಮರವಿಲ್ಲದೆ ಮಂಜೂರಿ ಹೇಗೆ?" ಎಂದು ನಮ್ಮನ್ನೇ ಕೇಳಿದರು. ಮನುಷ್ಯರನ್ನು ಒಪ್ಪಿಸಿ ಯಂತ್ರದ ಎದುರು ಸೋತು ಕೂತೆವು. ಕೊನೆಗೆ ಕುಲಕರ್ಣಿ ಸಾಹೇಬರೇ ತಲೆ ಓಡಿಸಿ, ಮಗ್ಗದ ಓಣಿಯಲ್ಲಿ ಬದುಕಿದ ಬೇವುಗಳ ಲೆಕ್ಕವನ್ನು ಅದರಲ್ಲಿ ತುಂಬಿಸಿದರು. ಯಂತ್ರ ಒಪ್ಪಿತು. ಮರ ಎಲ್ಲಿದೆ ಎಂದು ಅದು ಕೇಳಲಿಲ್ಲ. ಟಿಪ್ಪಣಿಯಲ್ಲಿ ಮಾತ್ರ ನಾನು ಮರಗಳಿರುವ ಜಾಗದ ಹೆಸರು ಸ್ಪಷ್ಟವಾಗಿ ಬರೆದೆ, ಅಡ್ಡಗೋಡೆಯ ಮೇಲೆ ದೀಪ ಇಡಲಿಲ್ಲ.

ನಾವು ಮಾಡಿದ್ದು ಸರಿಯೋ? ಹಾಗೆ ನೋಡಿದರೆ ಅಲ್ಲಿ ಮನೆಗಳೇ ಬರಬಾರದಿತ್ತು. ಹೀಗೆ ನೋಡಿದರೆ ಆ ಮಂದಿ ಹೋಗುವುದಾದರೂ ಎಲ್ಲಿಗೆ? ಎರಡೂ ಕಡೆಯಿಂದ ಯೋಚಿಸಿ ಯೋಚಿಸಿ ನಾನು ದಣಿದಿದ್ದೇನೆ. ಹೊಸಬರಿಗೆ ಒಂದೇ ಮಾತು ಹೇಳಬಲ್ಲೆ: ಬಯಲನ್ನು ನೋಡಲು ಬೆಳಕು ಹರಿಯುವಾಗ ಹೋಗಿ, ಅಲ್ಲಿ ಮನೆ ಮಾಡಿಕೊಂಡು ಇರುವವರನ್ನೂ ಜೊತೆಗೆ ಕರೆದುಕೊಂಡು ಹೋಗಿ.

ನಿವೃತ್ತಿಯಾದ ಮೇಲೆ ಒಂದು ಸಂಜೆ ನಾಗವ್ವನ ಮನೆಗೆ ಹೋಗಿದ್ದೆ. ಸಂಗಮೇಶ ಅಷ್ಟರಲ್ಲಿ ವರ್ಗವಾಗಿ ಹೋಗಿದ್ದರು. ಸಿದ್ದಪ್ಪ ಎರಡನೇ ಪಾಳಿಗೆ ಹೋಗಿದ್ದ. ನಾಗವ್ವ ಹಿತ್ತಲ ಕಟ್ಟೆಯ ಮೇಲೆ ಮಾಳದ ಕಡೆ ಮುಖ ಮಾಡಿ ಕೂತಿದ್ದಳು, ಕೈಯಲ್ಲೊಂದು ಬಡಿಗೆ. ಮಾತಿನ ನಡುವೆ ಒಮ್ಮೆಯೂ ಕೆಮ್ಮಲಿಲ್ಲ. ಚಹಾ ಕೊಟ್ಟು ಹತ್ತಿರ ಸರಿದು ಕೂತಳು.

"ಬಾಯಾರ, ಒಂದ್ ಕೇಳಬೇಕಂತಿದ್ದೆ. ಆ ಹಕ್ಕಿ ಹಾರೂವಾಗ ಹೆಂಗ್ ಕಾಣಸ್ತದ್ರಿ? ಫೋನ್ನ್ಯಾಗ ತೋರಸ್ಯಾರ, ಆದ್ರ ಫೋನ್ನ್ಯಾಗ ಎಲ್ಲಾ ಒಂದಽ ಅಳತಿ. ನೀವು ಖರೇನ ನೋಡಿದವ್ರು, ಹೇಳ್ರಿ."

ಲೋಟ ಕೆಳಗಿಟ್ಟೆ. ಆ ಹಕ್ಕಿಯ ಹೆಸರನ್ನು ಎಷ್ಟು ಕಡತಗಳಲ್ಲಿ ಬರೆದಿದ್ದೇನೋ ಲೆಕ್ಕವಿಲ್ಲ.

"ಇಲ್ಲ ನಾಗವ್ವ. ನಾನೂ ನೋಡಿಲ್ಲ."

ಅವಳು ನನ್ನನ್ನೇ ದಿಟ್ಟಿಸಿದಳು. "ನೋಡಿಲ್ಲ? ಕುಲಕರ್ಣಿ ಸಾಹೇಬ್ರು?"

"ಅವರೂ ನೋಡಿಲ್ಲ."

"ಹಂಗಾದ್ರ ನನ್ನ ಬೇವು ನಾ ಯಾರ ಮಾತಿನ ಮ್ಯಾಲ ಕೀಳಿಸಿದ್ನಿರಿ?"

ಅಷ್ಟರಲ್ಲಿ ಬಡಾವಣೆಯ ಎರಡು ನಾಯಿಗಳು ಬೇಲಿ ನುಸುಳಿ ಹಕ್ಕಿಗಳು ತತ್ತಿ ಇಡುವ ಹುಲ್ಲಿಗೆ ನುಗ್ಗಿದವು. ನಾಗವ್ವ ಮಾತು ಅಲ್ಲಿಗೇ ಬಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಡಿಗೆ ಎತ್ತಿಕೊಂಡು "ಹಚ್ಯಾ! ಹಚ್ಯಾ!" ಎನ್ನುತ್ತಾ ಓಡಿದಳು. ನಾಯಿಗಳು ತಿರುಗಿ ಬರುವವರೆಗೂ ಬಿಡಲಿಲ್ಲ. ಏದುಸಿರು ಬಿಡುತ್ತಾ ವಾಪಸ್ಸು ಬಂದು ಕಟ್ಟೆಯ ಮೇಲೆ ಕೂತಳು.

"ಆ ಹಕ್ಕಿ ಬಂದ್ರ ನಿಮಗ ಫೋನ್ ಮಾಡ್ತೀನಿ ಬಾಯಾರ" ಎಂದಳು. "ಲಗೂನ ಬರ್ರಿ ಮತ್ತ. ಇಬ್ರೂ ಕೂಡಿ ನೋಡೂಣು."